ಹೆಲ್ಮಾರ್ ಮಾರಿದ ದನಿ

ಜರ್ಮನಿಯ ಸಿನಿಮಾಗಳಲ್ಲಿ ಹೆಲ್ಮಾರ್ ಹೆಣವಾಗಿ ಬಿದ್ದುಕೊಂಡ, ಧಾರಾವಾಹಿಗಳಲ್ಲಿ ಪೊಲೀಸನಾಗಿ ಬಾಗಿಲು ತಟ್ಟಿದ. ಎರಡರಲ್ಲೂ ಮುಖದ ಮೇಲೆ ಒಂದೇ ಭಾವ. ದನಿ ಮಾತ್ರ ಜೇನು. ಡಬ್ಬಿಂಗಿನಲ್ಲಿ ವಿದೇಶಿ ನಾಯಕರಿಗೆಲ್ಲ ಅದೇ. ಕೊನೆಗೆ ಅದನ್ನೂ ಯಂತ್ರಗಳಿಗೆ ಮಾರಿಕೊಂಡ. ಈಗ ದೇಶದ ಲಿಫ್ಟು, ಫ್ರಿಜ್ಜು, ವಾಷಿಂಗ್ ಮಷೀನುಗಳೆಲ್ಲ ಅವನ ದನಿಯಲ್ಲೇ ಮಾತಾಡುತ್ತವೆ. ಮಹಾಶಯನಿಗೆ ಅದೇ ದೊಡ್ಡ ಕೀರ್ತಿ.

ಇವತ್ತು ಮಗಳಿಗೆ ಫೋನ್ ಮಾಡಿದ.

"ಇಮ್ಕೆ, ನಾನು ಕಣೆ, ಅಪ್ಪ. ಇವತ್ತು ನಿನ್ನ ಹುಟ್ಟುಹಬ್ಬ ಅಲ್ವಾ?"

"ನಮ್ಮಪ್ಪನಿಗೆ ಅದೆಲ್ಲ ಯಾವತ್ತು ನೆನಪಿತ್ತು? ಯಾವ ಮಷೀನು ನೀನು? ಏನು ಮಾರೋಕೆ ಬಂದೆ?"

"ಅಲ್ಲ ಕಣೆ, ನಿಜವಾಗ್ಲೂ ನಾನೇ."

"ಎಲ್ಲವೂ ಹಾಗೇ ಹೇಳ್ತವೆ."

ಅಷ್ಟರಲ್ಲಿ ಅವಳ ಮನೆಯ ವಾಷಿಂಗ್ ಮಷೀನು ಅದೇ ದನಿಯಲ್ಲಿ, "ಬಟ್ಟೆ ಒಗೆದಾಯ್ತು ಪುಟ್ಟಿ" ಎಂದಿತು.

ಫೋನ್ ಇಡುವ ಮೊದಲು ಇಮ್ಕೆ ಅದಕ್ಕೆ ಉತ್ತರ ಕೊಟ್ಟಳು, "ಬಂದೆ ಅಪ್ಪಾ."