ಶಂಕ್ರವ್ವನ ಪಾಲಿನ ಗಾಳಿ

ಮನೆಯ ರೂಟರ್ ಸುಟ್ಟುಹೋದಾಗ ನೀಲವ್ವ ಗಾಬರಿಯಾಗಲಿಲ್ಲ. ನೆಲದಡಿಯ ಆ ಊರಿನಲ್ಲಿ ಯಾರ ಮಂಚಕ್ಕೆ ಗಾಳಿ ಬಿಡಬೇಕೆಂಬ ಪಟ್ಟಿ ಅದರೊಳಗೇ ಇರುತ್ತಿತ್ತು. ಎಲ್ಲರಂತೆ ಅವಳೂ ಹೋದ ವರ್ಷದ ಆಯುಧಪೂಜೆಯ ದಿನ ಪಟ್ಟಿಯ ಬ್ಯಾಕಪ್ ತೆಗೆದು, ಅದನ್ನಿಟ್ಟ ಡಬ್ಬಿಗೆ ಕುಂಕುಮ ಹಚ್ಚಿದ್ದಳು. ಲೈನ್‌ಮನ್ ದಸ್ತಗೀರ ಹೊಸ ಪೆಟ್ಟಿಗೆಗೆ ಅದನ್ನೇ ತುಂಬಿದ. ಸಂಕ್ರಾಂತಿಗೆ ತೀರಿಕೊಂಡಿದ್ದ ಅತ್ತೆ ಶಂಕ್ರವ್ವನ ಖಾಲಿ ಮಂಚಕ್ಕೆ ಗಾಳಿ ಸುಯ್ಯೆಂದು ಬಂತು. ಯುಗಾದಿಗೆ ಹುಟ್ಟಿದ ನೀಲವ್ವನ ಕೂಸಿನ ಹೆಸರು ಸುಟ್ಟ ಪೆಟ್ಟಿಗೆಯಲ್ಲಷ್ಟೇ ಇತ್ತು; ತೊಟ್ಟಿಲಿಗೆ ಗಾಳಿ ಬರಲಿಲ್ಲ.

“ಕುಂಕುಮಾ ಹಚ್ಚಿದ ಮ್ಯಾಲೆ ವರ್ಷತನಕ ಬ್ಯಾಕಪ್ ಮುಟ್ಟಂಗಿಲ್ಲ ಅಂತೀರಿ,” ದಸ್ತಗೀರ ಗೊಣಗಿದ. “ಅದರಾಗ ಬಿಟ್ಟಹೋದ ಹೆಸರು ಹೊಸಾ ಪೆಟ್ಟಿಗಿಗೆ ಇನ್ನ ದಸರಾಕ್ಕ ಸೇರೂದು, ಅಕ್ಕಾ.”

“ಅಲ್ಲೀತನಕ ಕೂಸು ಉಸರಾಡೂದು ಬ್ಯಾಡೇನಣ್ಣಾ?”

ಅವನು ಕೂಸನ್ನೆತ್ತಿ ಶಂಕ್ರವ್ವನ ಮಂಚದ ಮೇಲೆ ಮಲಗಿಸಿದ. ನೀಲಿಗಟ್ಟಿದ್ದ ತುಟಿ ಮೆಲ್ಲಗೆ ಕೆಂಪಾಯಿತು. “ಯಾರರ ಕೇಳಿದ್ರ ಇದs ಶಂಕ್ರವ್ವ ಅನ್ರಿ.”

“ಬದುಕಿದ್ದಾಗ ಈ ಮಂಚದ ಮ್ಯಾಲೆ ಯಾರನ್ನೂ ಕುಂಡ್ರಗೊಡ್ಲಿಲ್ಲ ನಮ್ಮತ್ತಿ,” ಎಂದು ನೀಲವ್ವ ನಕ್ಕಳು. ಅಷ್ಟರಲ್ಲಿ ಹೊಸ ಪೆಟ್ಟಿಗೆಯ ತೆರೆಯ ಮೇಲಿನ ಪಟ್ಟಿಯಲ್ಲಿ ಶಂಕ್ರವ್ವನ ಹೆಸರಿನ ಮುಂದಿದ್ದ ವಯಸ್ಸು ಕಂಡಿತು: ಅರವತ್ತೊಂಬತ್ತು. ಎಪ್ಪತ್ತು ತುಂಬಿದವರಿಗೆ ಆ ಊರಿನಲ್ಲಿ ಗಾಳಿ ನಿಲ್ಲಿಸುತ್ತಾರೆ.

ಅತ್ತೆ ಹುಟ್ಟಿದ್ದು ಶ್ರಾವಣದಲ್ಲಿ; ಪಟ್ಟಿಯ ಲೆಕ್ಕಕ್ಕೆ ಬರುವ ಶ್ರಾವಣಕ್ಕೆ ಎಪ್ಪತ್ತು. ದಸರಾ ಬರುವುದು ಅದಾದ ಎರಡು ತಿಂಗಳಿಗೆ.