ಕಾರು ಒಗ್ಗುವ ಮೂರು ದಿನ

ಮಾರಿದ ಕಾರು ಮೂರು ದಿನದೊಳಗೆ ತಾನಾಗಿ ಹಳೆಯ ಮನೆಗೆ ಓಡಿಹೋದರೆ ವ್ಯಾಪಾರ ಮುರಿದಂತೆ. ನಮ್ಮ ಸೀಮೆಯಲ್ಲೆಲ್ಲ ಇದೇ ಪದ್ಧತಿ. ಅಗ್ಗಕ್ಕೆ ಸಿಕ್ಕಿದ್ದ ಹದಿನೆಂಟು ವರ್ಷದ ಕೆಂಪು ಪುಟ್ಟ ಕಾರು ಹಾಗೆ ಹೋಗದಿರಲೆಂದು ನರ್ಸ್ ಸಾವಂತ್ರಮ್ಮ ಅದರ ಮೈ ತೊಳೆದಳು. ಹಳೆಯ ವಾಸನೆ ಇದ್ದರೆ ಬೇಗ ಒಗ್ಗೀತೆಂದು, ಅದನ್ನು ಮಾರಿದ ಪರಮಶಿವಯ್ಯ ಮೇಷ್ಟ್ರ ಕಂಬಳಿಯನ್ನೇ ಕೇಳಿ ತಂದು ಸೀಟಿಗೆ ಹಾಸಿದಳು. ಐದು ಹಳ್ಳಿಗಳ ಬಾಣಂತಿಯರನ್ನು ನಡೆದೇ ಹೋಗಿ ನೋಡಲು ಅವಳ ಮೊಣಕಾಲು ಇನ್ನು ಒಪ್ಪುತ್ತಿರಲಿಲ್ಲ.

ಎರಡು ದಿನ ಕಾರು ಕೊಟ್ಟಿಗೆಯಲ್ಲಿ ಸುಮ್ಮನಿತ್ತು. ಮೂರನೆಯ ಬೆಳಗ್ಗೆ ಕೊಟ್ಟಿಗೆ ಖಾಲಿ. ಧೂಳಿನಲ್ಲಿ ಚಕ್ರದ ಗುರುತು ಮೇಷ್ಟ್ರ ಊರಿನ ಕಡೆಗೇ ಹೋಗಿತ್ತು.

ಸಾವಂತ್ರಮ್ಮ ಜಗಲಿಯ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಾಗ ಹಾರನ್ ಕೇಳಿಸಿತು. ಕಾರು ನಿಧಾನವಾಗಿ ಬಂದು ಅಂಗಳದಲ್ಲಿ ನಿಂತಿತು. ಒಳಗೆ ಪಂಚೆ ಬನಿಯನ್ನಿನಲ್ಲೇ, ಬಾಯಲ್ಲಿ ಬೇವಿನ ಕಡ್ಡಿ ಇಟ್ಟುಕೊಂಡು ಮೇಷ್ಟ್ರು ಕೂತಿದ್ದರು.

“ಮನೆ ಮುಂದೆ ಬಂದು ಬಾಗಿಲು ತೆರೆದು ನಿಂತಿತು ಕಣಮ್ಮ. ಹತ್ತಿದೆ. ಸೀದಾ ಇಲ್ಲಿಗೆ ತಂತು.”

“ಹಾಗಾದರೆ ವ್ಯಾಪಾರ ಮುರೀತಾ ಮೇಷ್ಟ್ರೇ?”

“ಓಡಿಬಂದಿದ್ದರೆ ಅಲ್ಲೇ ನಿಲ್ತಿತ್ತು. ಕಂಬಳಿ ತಂದು ನನ್ನನ್ನ ಬಿಟ್ಟುಬಂದೆಯಲ್ಲ, ಅದಕ್ಕೆ ಕರೆಯೋಕೆ ಬಂದಿತ್ತು.” ಮೇಷ್ಟ್ರು ಇಳಿಯದೆ ಕಂಬಳಿಯ ಸುಕ್ಕು ಸರಿಮಾಡಿಕೊಂಡರು. “ಒಂದು ಲೋಟ ಟೀ ಕೊಡು. ಮೊದಲು ಯಾವ ಹಳ್ಳಿಗೆ?”