ಸಾವುಕಾರರ ಕಣ್ಣು ಮತ್ತು ಯಮನೂರಪ್ಪನ ನೀಲಿ

ಓದಲು ಎರಡೇ ನಿಮಿಷ ಸಾಕು… ಆದರೆ ಅವಸರ ಮಾಡಬೇಡಿ.

ಇಳಕಲ್ಲಿನಲ್ಲಿ ಒಬ್ಬ ಸೀರೆ ವ್ಯಾಪಾರಿ. ಊರೆಲ್ಲ ಅವರನ್ನು ಸಾವುಕಾರರು ಎಂದೇ ಕರೆಯುತ್ತಿತ್ತು.

ಬೇರೆ ಅಂಗಡಿಯವರು ಬಣ್ಣ ತಾಳೆ ನೋಡಲು ಮಾದರಿ ನೂಲು ಇಟ್ಟುಕೊಳ್ಳುತ್ತಾರೆ. ಇವರು ಇಟ್ಟವರೇ ಅಲ್ಲ.
"ನನ್ನ ಕಣ್ಣೇ ಮಾದರಿ" ಎನ್ನುತ್ತಿದ್ದರು…

ಮೂವತ್ತು ವರ್ಷದಿಂದ ಅವರ ನೂಲಿಗೆ ಬಣ್ಣ ಹಾಕುತ್ತಿದ್ದವನು ಯಮನೂರಪ್ಪ.

ಒಂದು ದಿನ ಅವನು ತಂದ ನೀಲಿ ನೂಲಿನ ಲಡಿಯನ್ನು ಬಾಗಿಲ ಬೆಳಕಿಗೆ ಹಿಡಿದು, ಸಾವುಕಾರರು ಹುಬ್ಬು ಗಂಟಿಕ್ಕಿದರು.

"ಯಾಕೋ ಯಮನೂರಾ, ನೀಲಿ ಎಲ್ಲಿ ಹೋತು? ಪಾಚಿ ನೀರಾಗ ಅದ್ದಿಕೊಂಡು ಬಂದಿಯೇನು?"

"ಅದ ಬಣ್ಣ ರೀ, ಅದ ಅಳತಿ. ದೇವ್ರಾಣಿ…"

"ದೇವ್ರನ್ನ ಯಾಕ ಎಳೀತಿ? ಬಣ್ಣ ಅದ್ದಾಂವ ಅಂವಲ್ಲ, ನೀನು!"

ಮುಂದಿನ ವಾರ ಅವನು ಬಣ್ಣ ಹೆಚ್ಚು ಹಾಕಿ ತಂದ. ಅದರ ಮುಂದಿನ ವಾರ ಇನ್ನೂ ಹೆಚ್ಚು…
ಸಾವುಕಾರರಿಗೆ ಸಮಾಧಾನವಿಲ್ಲ. ಇವನು ಒಳ್ಳೆಯ ಬಣ್ಣವನ್ನು ಬೇರೆಯವರಿಗೆ ಮಾರುತ್ತಿದ್ದಾನೆ… ಖಂಡಿತ.

ಹೆಂಡತಿ ಬಸಲಿಂಗವ್ವ ಹಳೆಯ ಸೀರೆಯೊಂದನ್ನು ತಂದು ಮುಂದಿಟ್ಟಳು. "ಇದೂ ಅವನ ಬಣ್ಣ. ಹೊಂದಿಸಿ ನೋಡ್ರಿ, ಎರಡೂ ಒಂದ ಅದಾವ."

"ಅದು ಮಾಸೈತಿ. ನೀ ಅವನ ಕಡೆ ವಕೀಲಕಿ ಮಾಡಬ್ಯಾಡ!"

ಆಮೇಲೆ ಧೋತರ ಹಳದಿ ಕಂಡಿತು… ಅಗಸನ ಮೇಲೆ ಅನುಮಾನ.
ಹಾಲು ಹಳದಿ ಕಂಡಿತು… ಗೌಳಿಗನ ಮೇಲೆ ಅನುಮಾನ.

ಶ್ರಾವಣ ಬಂತು. ಮಠದಲ್ಲಿ ಪುರಾಣ. ಶಾಸ್ತ್ರಿಗಳು ರಾಗವೆತ್ತಿ ಪದ್ಯ ಓದುತ್ತಿದ್ದರೆ ಜನ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಸಾವುಕಾರರ ಕಣ್ಣು ಮಾತ್ರ ಮುಂದಿನ ಸಾಲಿನಲ್ಲಿದ್ದ ಯಮನೂರಪ್ಪನ ಬೆನ್ನ ಮೇಲೆ…
ಪಕ್ಕದವನ ಕಿವಿಯಲ್ಲಿ ಏನು ಹೇಳಿದ? ಯಾಕೆ ನಕ್ಕ?
ಪದ್ಯದ ಒಂದಕ್ಷರವೂ ಅವರ ಕಿವಿಗೆ ಇಳಿಯಲಿಲ್ಲ.

ಮರುದಿನವೇ ಅಂಗಡಿಯಲ್ಲಿ, ಹತ್ತು ಮಂದಿ ನೇಕಾರರ ಎದುರು, ಲಡಿಯನ್ನು ಅವನ ಕಾಲ ಬಳಿ ಎಸೆದರು.
"ಕಳ್ಳ! ಇನ್ನ ಈ ಅಂಗಡಿ ಕಟ್ಟಿ ಹತ್ತಬ್ಯಾಡ."

ಯಮನೂರಪ್ಪ ಲಡಿಯನ್ನು ಎತ್ತಿ, ಧೂಳು ಕೊಡವಿ, ಮೂಲೆಯಲ್ಲಿಟ್ಟು ಹೋದ…

ಎರಡು ತಿಂಗಳಾದ ಮೇಲೆ ಸಾವುಕಾರರು ಹೊಸ್ತಿಲು ಎಡವಿ ಬಿದ್ದರು.
"ಈ ಹೊಸ್ತಿಲಾ ಎತ್ತರ ಮಾಡಿದವರು ಯಾರು?"

ಬಸಲಿಂಗವ್ವ ಇನ್ನು ಅವರ ಮಾತು ಕೇಳಲಿಲ್ಲ. ಕಣ್ಣಿನ ಆಸ್ಪತ್ರೆಗೆ ಕರೆದೊಯ್ದೇಬಿಟ್ಟಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು.

ಮರುದಿನ ಡಾಕ್ಟರು ಪಟ್ಟಿ ಬಿಚ್ಚಿದಾಗ ಎದುರಿಗೆ ಹೆಂಡತಿ… ಉಟ್ಟಿದ್ದು ನೀಲಿ ಸೀರೆ. ಅಂಥ ನೀಲಿಯನ್ನು ಅವರು ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

"ಯಾರ ಅಂಗಡ್ಯಾಗ ತಗೊಂಡಿ ಇದನ್ನ?" ಧ್ವನಿಯಲ್ಲಿ ಮತ್ತೆ ಅನುಮಾನ.

"ನಿಮ್ದ ಅಂಗಡೀದು. ಪಾಚಿ ನೀರು ಅಂದಿದ್ರಲ್ಲ ಮೊದಲನೇ ಲಡಿ… ಅದನ್ನ ನಾನ ನೇಯಿಸೀನಿ."

ಸಾವುಕಾರರು ಎಡಗಣ್ಣು ಮುಚ್ಚಿದರು… ಆಕಾಶದಂಥ ನೀಲಿ.
ಬಲಗಣ್ಣು ಮುಚ್ಚಿದರು… ಪಾಚಿ ನೀರು.

"ಡಾಕ್ಟರವ್ವಾ, ಇದೇನು ಹಿಂಗ?"

"ಕಾಕಾರ, ಕಣ್ಣಿನ ಮುಂದ ಕಾರ್ನಿಯಾ ಐತಿ, ಕಿಟಕಿ ಗಾಜಿನ್ಹಂಗ. ಹಿಂದ ಕಣ್ಣಿನ ಕರೀ ಪಾಪೆ, ಬಿಸಲಾಗ ಸಣ್ಣದಾಗತೈತಿ, ಕತ್ತಲ್ಯಾಗ ದೊಡ್ಡದಾಗತೈತಿ. ಅದರ ಹಿಂದ ಲೆನ್ಸು. ಅದು ಬೆಳಕನ್ನ ಕೂಡಿಸಿ ಒಳಗಿನ ರೆಟಿನಾ ಅನ್ನೋ ಪರದೆ ಮ್ಯಾಲ ಬೀಳಸತೈತಿ. ಅಲ್ಲಿಂದ ನರ ಮೆದುಳಿಗೆ ಸುದ್ದಿ ಒಯ್ಯತೈತಿ."

"ಮತ್ತ ನೀಲಿ?"

"ಹುಟ್ಟಿದಾಗ ಲೆನ್ಸು ನೀರಿನ್ಹಂಗ ತಿಳಿ ಇರತೈತಿ. ನಿಮ್ದು ಚಹಾ ಬಣ್ಣಕ್ಕ ತಿರುಗಿತ್ತು. ನೀಲಿ ಬೆಳಕು ಅದರಾಗ ತಡದು ನಿಲ್ಲತಿತ್ತು, ಪರದೆತನಕ ಸರಿಯಾಗಿ ಮುಟ್ಟತಿದ್ದಿಲ್ಲ. ದಿನಾ ಒಂದೀಟು ಬದಲಾದ್ರ ಯಾರಿಗೂ ಗೊತ್ತಾಗೂದಿಲ್ಲ ಬಿಡ್ರಿ."

ಸಾವುಕಾರರು ಕರಿ ಕನ್ನಡಕದಲ್ಲೇ ಯಮನೂರಪ್ಪನ ಮನೆಗೆ ಹೋದರು.

ಬಣ್ಣದ ಹಂಡೆಗಳೆಲ್ಲ ಬೋರಲು ಬಿದ್ದಿದ್ದವು. ಬೇರೆ ಅಂಗಡಿಯವರು ಕೆಲಸ ಕೊಡಲು ಬಂದರೂ ಅವನೇ ಬೇಡವೆಂದಿದ್ದನಂತೆ.

"ಯಾಕ ಬಿಟ್ಟಿ ಕೆಲಸ?"

ಯಮನೂರಪ್ಪ ತಲೆ ತಗ್ಗಿಸಿದ. "ನನಗ ಅದು ನೀಲಿನ ಕಾಣತಿತ್ತು ರೀ. ನೀವು ಅಲ್ಲ ಅಂದ್ರಿ. ಮೂವತ್ತು ವರ್ಷ ನಿಮ್ಮ ಕಣ್ಣು ತಪ್ಪಿದ್ದಿಲ್ಲ… ಹಂಗಾರ ನನ್ನ ಕಣ್ಣೇ ಹೋದೂವು ಅನಕೊಂಡೆ. ಕಣ್ಣಿಲ್ಲದಾಂವ ಮಂದಿ ನೂಲು ಕೆಡಸಬಾರದಲ್ಲ…"

ಸಾವುಕಾರರು ಅವನ ಕೈಯನ್ನು ನಂಬಿರಲಿಲ್ಲ… ಅವನು ಅವರನ್ನು ನಂಬಿ ತನ್ನ ಕಣ್ಣನ್ನೇ ನಂಬುವುದು ಬಿಟ್ಟಿದ್ದ!

ಕನ್ನಡಕದ ಕೆಳಗಿಂದ ನೀರು ಇಳಿಯಿತು.
"ಕೆಟ್ಟಿದ್ದು ನನ್ನ ಕಣ್ಣೋ ಯಪ್ಪಾ… ಏಳು. ಕಳ್ಳ ಅಂದಿದ್ದು ಹತ್ತು ಮಂದಿ ಮುಂದ. ತಪ್ಪಾತು ಅನ್ನೋದೂ ಆ ಹತ್ತು ಮಂದಿ ಮುಂದನ."

"ಮೊದಲ ಆ ಕಣ್ಣಿಗೆ ಧೂಳು ಬೀಳದ್ಹಂಗ ನೋಡಕೋರಿ" ಎನ್ನುತ್ತ ಯಮನೂರಪ್ಪ ಅವರ ಕೈ ಹಿಡಿದುಕೊಂಡ. ಇಬ್ಬರೂ ಬೀದಿಗಿಳಿದರು…

*ಎದುರಿನವರ ಬಣ್ಣ ಕೆಟ್ಟಿದೆ ಎನ್ನುವ ಮೊದಲು, ನಮ್ಮ ಕಣ್ಣೊಳಗಿನ ಲೆನ್ಸು ತಿಳಿಯಾಗಿದೆಯೇ ಎಂದು ನೋಡಿಕೊಳ್ಳೋಣ.*

ನಿಮ್ಮ ಒಂದು ಮಾತಿನಿಂದ ತನ್ನ ಮೇಲೇ ನಂಬಿಕೆ ಕಳೆದುಕೊಂಡು ಸುಮ್ಮನೆ ಕುಳಿತವರು ಯಾರಾದರೂ ಇದ್ದಾರೆಯೇ…?